ಗಿಡ್ಡ ಬಾಗಿಲಿನ ಟವೆಲ್ಲು

ರೀ,

ಇದನ್ನು ಯಾವ ವಿಳಾಸಕ್ಕೆ ಹಾಕಲಿ, ಗೊತ್ತಿಲ್ಲ. ಹೇಳದೆ ಇರಲೂ ಆಗುತ್ತಿಲ್ಲ.

ನೀವು ಹೋದ ಮೇಲೆ ಖಾಲಿ ಬಿದ್ದಿದ್ದ ಹಿಂದಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟೆ. ಬಂದವನು ಮಾರುತೇಶ ಅಂತ, ಮಾಡದಕೆರೆ ಕಡೆಯವನು. ಹಿರಿಯೂರಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿಗೆ ಬಂದಿದ್ದಾನೆ. "ಗುರುತು ಪರಿಚಯ ಇಲ್ದೋರಿಗೆ ಮನೆ ಕೊಡ್ತೀಯಲ್ಲೇ, ಹೆಚ್ಚುಕಮ್ಮಿ ಆದ್ರೆ?" ಎಂದು ಎದುರುಮನೆ ಪುಟ್ಟಕ್ಕ ಹೆದರಿಸಿದ್ದಳು. ನಾನೂ ಅವನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅವನಿಂದ ನನಗೇನಾದೀತೋ ಎಂಬ ಭಯವಷ್ಟೇ ಇತ್ತು. ನಮ್ಮ ಮನೆಯಿಂದ ಅವನಿಗೇನಾದರೂ ಆದೀತೆಂದು ಹೊಳೆಯಲೇ ಇಲ್ಲ.

ಇವತ್ತು ಬೆಳಿಗ್ಗೆ ಹಿಂದಿನ ಕೋಣೆಯ ಆ ಗಿಡ್ಡ ಬಾಗಿಲಿಗೆ ಹಣೆ ಬಡಿಸಿಕೊಂಡ, ನಿಮಗೆ ಬಡಿಯುತ್ತಿದ್ದ ಜಾಗದಲ್ಲೇ. ರಕ್ತ ಸುರಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆ.

"ಅಷ್ಟೆತ್ತರ ಹತ್ತಿ ಇಳಿಯೋನು ಇಲ್ಲಿ ಹೊಡಿಸ್ಕಂಡೆ ನೋಡ್ರಿ. ನಂದೇ ತಪ್ಪು ಬಿಡ್ರಿ ಅಕ್ಕ," ಎಂದ.

"ಇಲ್ಲಪ್ಪ, ಮನೆ ನಂದೈತೆ. ನಾನು ಹೇಳ್ಬೇಕಿತ್ತು," ಎಂದೆ.

ಆ ಚೌಕಟ್ಟಿಗೆ ನೀವು ಸುತ್ತಿದ್ದ ಹಳೇ ಟವೆಲ್ಲನ್ನು, ಮನೆ ನೋಡಲು ಬಂದವರು ನಕ್ಕಾರೆಂದು ನಾನೇ ಬಿಚ್ಚಿಟ್ಟಿದ್ದೆ. ಒಗೆದಿರಲಿಲ್ಲ. ನಿಮ್ಮ ತಲೆಯೆಣ್ಣೆಯ ಕಲೆ ಹಾಗೇ ಇದೆ. ಮಧ್ಯಾಹ್ನ ಸ್ಟೂಲ್ ಹತ್ತಿ ಮತ್ತೆ ಸುತ್ತಿದೆ. ಮಾರುತೇಶ ಅದನ್ನು ನೋಡಿ, ತಲೆ ಬಗ್ಗಿಸಿ ಒಳಗೆ ಹೋದ.

ನಾನು ಕುಳ್ಳಿ, ನನಗೆಂದೂ ಆ ಬಾಗಿಲು ತಾಗಿದ್ದಿಲ್ಲ. ಅವನು ಊಟಕ್ಕೆಂದು ಹೊರಗೆ ಹೋದಾಗ ಅದರ ಕೆಳಗೆ ಹೋಗಿ ನಿಂತೆ, ಟವೆಲ್ಲು ಹಣೆಗೆ ತಾಗಲೆಂದು, ತುದಿಗಾಲಲ್ಲಿ.