ಒಲ್ಲೆ ಅಂದವರ ಮನೆಗೆ ಊಟ

ನೀರ್ಪಾಳಿಯ ನೂರಾ ನಾಲ್ಕನೆಯ ವರ್ಷ, ಎರಡನೆಯ ವೈಶಾಖದ ನಲವತ್ತೊಂದನೆಯ ದಿನ

ಹರಿಗೋಲಿನಲ್ಲಿ ಹೊಳೆ ದಾಟಿ ಬಂದು ನಮ್ಮ ಬಂಡೆಗಳ ಮೇಲೆ ಕೂತ ಉದ್ದಗೂದಲಿನ ಹಿಪ್ಪಿಗಳೇ,

ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ಹೊಳೆಯ ನೀರು ಪಾಳಿಯ ಮೇಲೆ ಬರಲು ಶುರುವಾದಂದಿನಿಂದ ನಾವು ವರ್ಷ ಎಣಿಸುತ್ತೇವೆ, ಅದೇ ನೀರ್ಪಾಳಿ. ಬೇಸಿಗೆ ಉದ್ದವಾದಂತೆ ನಾವು ವೈಶಾಖವನ್ನೇ ಎರಡು ಮಾಡಿಕೊಂಡೆವು, ಅದೂ ಸಾಲದೆ ಆಮೇಲೆ ತಿಂಗಳನ್ನೇ ಹಿಗ್ಗಿಸಿದೆವು. ನಿಮ್ಮ ಲೆಕ್ಕಕ್ಕೆ ಇದು ಇಸವಿ ಎರಡು ಸಾವಿರದ ಇನ್ನೂರು ದಾಟಿದ ಕಾಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಕ್ಷಮಿಸಬೇಕು. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನೀವು ಇಲ್ಲಿ ವರ್ಷಗಟ್ಟಲೆ ಇದ್ದರೂ ಕಲಿತ ಕನ್ನಡ 'ಚಾ', 'ಸಾಕು', 'ಇನ್ನೊಂದು ಚಾ' ಇಷ್ಟೇ ಅಂತ ಕೇಳಿದ್ದೇನೆ. ಆದ್ದರಿಂದ ನಿಮ್ಮ ಕಾಲದ ಕನ್ನಡದವರ ಕೈಗೆ ಇದು ಸಿಕ್ಕರೆ, ಅವರು ದಯವಿಟ್ಟು ನಿಮ್ಮ ಪಕ್ಕ ಕೂತು ಓದಿ ಹೇಳಬೇಕು.

ನನ್ನ ಹೆಸರು ಹೊನ್ನೂರವ್ವ. ಇದು ಹಿಂದೋಲೆ. ಮನಸ್ಸು ತಡೆಯಲಾರದಾಗ ಹಿಂದಿನವರಿಗೆ ನಾಲ್ಕು ಮಾತು ಬರೆದು ಬಂಡೆಯ ಬಿರುಕಿಗೆ ತುರುಕುವುದು ನಮ್ಮಲ್ಲಿ ವಾಡಿಕೆ. ತಲುಪುತ್ತದೋ ಇಲ್ಲವೋ ಯಾರೂ ಬಂದು ಹೇಳಿಲ್ಲ. ನಿಮ್ಮನ್ನು ಬೈಯಲಿಕ್ಕೆ ಬರೆಯುತ್ತಿದ್ದೇನೋ, ಕೇಳಲಿಕ್ಕೆ ಬರೆಯುತ್ತಿದ್ದೇನೋ ನನಗೇ ತಿಳಿಯದು. ನನ್ನ ಒಬ್ಬಳೇ ಮಗಳು ಲಿಂಡವ್ವ ಇವತ್ತು ನಸುಕಿಗೆ ಸಿಡಿಗೋಲು ಹಿಡಿದು ಕಾಯುವವರ ಕಡೆಗೆ ಹೊರಟು ಹೋಗಿದ್ದಾಳೆ. ಅವಳ ತಲೆಯ ಮೇಲೆ ಅಂಬಲಿ ಗಡಿಗೆ ಇದೆ, ಕೈಯಲ್ಲಿ ಏನೂ ಇಲ್ಲ. ಸಿಡಿಗೋಲು ಅಂದರೆ ನಿಮ್ಮ ಕಾಲದ ಬಂದೂಕಿನ ಮೊಮ್ಮಗ. ಅವಳನ್ನು ಅಲ್ಲಿಗೆ ಕಳಿಸಿದವರು ನೀವು.

ಮೊದಲು ನಮ್ಮ ಬದುಕು ಹೇಗಿದೆ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮ್ಮ ತಲೆಗೆ ಹತ್ತುವುದಿಲ್ಲ. ನಾವಿರುವುದು ನೀವು ಗುಡಿಸಲು ಹಾಕಿದ್ದ ಅವೇ ಬಂಡೆಗಳ ನಡುವೆ. ಈಗ ಇದಕ್ಕೆ ಬಂಡೆಗೇರಿ ಅನ್ನುತ್ತೇವೆ. ಗೋಡೆ ಕಟ್ಟಿದ ಮನೆಯಲ್ಲಿ ಬೇಸಿಗೆ ಕಳೆಯುವುದು ಆಗದ ಮಾತು, ಒಳಗೇ ಬೆಂದು ಹೋಗುತ್ತೇವೆ. ಅದಕ್ಕೇ ಬಂಡೆಗಳ ಸಂದಿಯಲ್ಲಿ, ತಲೆಯ ಮೇಲೆ ಬಿಸಿಲುಬಟ್ಟೆ ಬಿಗಿದು ಬದುಕುತ್ತೇವೆ. ಆ ಬಟ್ಟೆ ಮೇಲಿಂದ ಬಿಸಿಲು ಕುಡಿಯುತ್ತದೆ, ಕೆಳಗೆ ನೆರಳು ಕೊಡುತ್ತದೆ. ಕುಡಿದ ಬಿಸಿಲಿನಿಂದಲೇ ಸಂಜೆಗೆ ಒಲೆ ಕಾಯುತ್ತದೆ. ಹರಿದರೆ ಅಂಟಿನಿಂದ ತೇಪೆ ಹಾಕಬೇಕು, ತೇಪೆ ಬಿದ್ದ ಕಡೆ ಅದು ಕುಡಿಯುವುದಿಲ್ಲ. ನಮ್ಮ ಮನೆಯದು ಅರ್ಧ ತೇಪೆಯೇ, ಹಾಗಾಗಿ ನಮ್ಮಲ್ಲಿ ಅಡುಗೆ ಯಾವತ್ತೂ ತಡ. ನಸುಕಿನಲ್ಲಿ ಕೆಲಸ, ಆಮೇಲೆ ಮುಚ್ಚುಹೊತ್ತು. ಬಿಸಿಲು ಇಳಿಯುವ ತನಕ ಹೊರಗೆ ಕಾಲಿಡದ ಆ ಹೊತ್ತಿನಲ್ಲಿ ಹಗ್ಗ ಹೊಸೆಯುತ್ತೇವೆ, ಹೇನು ನೋಡುತ್ತೇವೆ, ಜಗಳ ಆಡುತ್ತೇವೆ. ನೀವು ಕಂಡ ಬಾಳೆ, ಭತ್ತ ಒಂದೂ ಇಲ್ಲ. ನವಣೆ, ಸಜ್ಜೆ, ನುಗ್ಗೆ, ಒಂದಿಷ್ಟು ಕುರಿ ಇವೆ. ಹೊಳೆ ಇದೆ, ಆದರೆ ಹರಿಯುವುದು ಪಾಳಿಯ ಮೇಲೆ. ಮೇಲುಗಡೆ ಮೇಲ್ತೂಬು ಅಂತ ಒಂದು ಕಟ್ಟೆ ಇದೆ. ಅಲ್ಲಿನವರು ತೂಬಿನ ಬಾಗಿಲು ಎತ್ತಿದ ದಿನ ನಮಗೆ ನೀರು, ಇಳಿಸಿದ ದಿನ ಬರೀ ಉಸುಕು.

ಆ ಹಿಪ್ಪಿಗಳಿಂದ ಏನು ಉಳಿಯಿತು ಅಂತ ನಮ್ಮ ಮಕ್ಕಳು ಕೇಳುತ್ತಾರೆ. ನಿಮ್ಮ ಮಣಿಸರ ಉಳಿಯಲಿಲ್ಲ. ಹಾಡುಗಳಲ್ಲಿ ಒಂದರ ರಾಗ ಉಳಿದಿದೆ, ಅದನ್ನು ಕುರಿ ಕರೆಯಲಿಕ್ಕೆ ಬಳಸುತ್ತೇವೆ. ಹೊಗೆ ಎಳೆಯುವುದು ನಿಮಗಿಂತ ಮೊದಲೇ ನಮ್ಮವರಿಗೆ ಗೊತ್ತಿತ್ತು. ಮಣ್ಣಿಗೆ ಮದ್ದು ಹಾಕಬೇಡಿ ಅಂತ ನೀವು ಕೈ ಮುಗಿದು ಹೇಳಿದಿರಂತೆ. ಸಗಣಿ ಹೊತ್ತೇ ಬೆಳೆದವರಿಗೆ ಎಂಥ ಪಾಠ ಮಾರಾಯರೇ! ಪ್ರೀತಿಗೆ ಕಟ್ಟುಪಾಡು ಬೇಡ ಅಂದ ನಿಮ್ಮ ಮಾತು ನಂಬಿ ನಿಮ್ಮಲ್ಲೂ ನಮ್ಮಲ್ಲೂ ಕೆಲವು ಹೆಣ್ಣುಮಕ್ಕಳು ಕೂಸು ಎತ್ತಿಕೊಂಡು ಒಬ್ಬೊಬ್ಬರೇ ಉಳಿದರು. ಅದನ್ನು ಯಾರೂ ಮರೆತಿಲ್ಲ. ನನ್ನ ಮಗಳಿಗೆ ಇಟ್ಟ ಹೆಸರು ಅಂಥ ಒಬ್ಬಳದು. ಆಮೇಲೆ ನೀವು ನಿಮ್ಮ ಊರಿಗೆ ಹೋದಿರಿ, ಕೂದಲು ಕತ್ತರಿಸಿಕೊಂಡಿರಿ, ಬ್ಯಾಂಕಿನಲ್ಲಿ ಕೂತಿರಿ, ಮನೆ ಸುತ್ತ ಬೇಲಿ ಹಾಕಿದಿರಿ. ಪಕ್ಕದ ಬಂಡೆಯ ಗಾದಿಲಿಂಗ, ನಮ್ಮ ಕೇರಿಯಲ್ಲಿ ಕುರಿ ಹೆಚ್ಚು ಇರುವವನು, ಇದನ್ನು ಹೇಳಿ ಹೇಳಿ ನಗುತ್ತಾನೆ. ನಾನೂ ನಕ್ಕಿದ್ದೇನೆ.

ಉಳಿದದ್ದು ಒಂದೇ. ನೀವು ದುಂಡಗೆ ಕೂರುತ್ತಿದ್ದಿರಿ, ನಾವು ಅದಕ್ಕೆ ಸುತ್ತು ಅನ್ನುತ್ತೇವೆ. ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಹಗೆಯವನ ಎದುರೂ ಹೀಗೇ ಬರಿಗೈಯಲ್ಲಿ ಕೂರಬಹುದು ಅನ್ನುತ್ತಿದ್ದಿರಿ. ನಿಮಗೆ ಚಾ ಮಾರುತ್ತಿದ್ದ ಯಂಕವ್ವ, ನನ್ನ ಅಜ್ಜಿಯ ಅಜ್ಜಿಗೂ ಹಿಂದಿನವಳು, ಇದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದಳಂತೆ. ಸೋರುವ ಮಾಡಿಗೆ ಯಾರು ಹುಲ್ಲು ಹೊದಿಸಬೇಕು ಅಂತ ನೀವು ಮಾತಿಗೆ ಕೂತು, ಮಾತು ಮುಗಿಯುವ ಹೊತ್ತಿಗೆ ಮಳೆಗಾಲವೇ ಮುಗಿದಿತ್ತಂತೆ. ಆದರೆ ಒಂದು ದಿನ ಚಾ ಕೊಡಲಿಕ್ಕೆ ಹೋದವಳನ್ನು ನಿಮ್ಮಲ್ಲಿ ಯಾರೋ ಕೈ ಹಿಡಿದು ಕೂರಿಸಿಕೊಂಡರು, 'ನಿನಗೆ ಏನನ್ನಿಸುತ್ತದೆ' ಅಂತ ಸನ್ನೆಯಲ್ಲಿ ಕೇಳಿದರು. ಯಂಕವ್ವನ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಅವಳನ್ನು ಯಾರೂ ಏನೂ ಕೇಳಿದವರಲ್ಲ. ಅವಳ ಗಂಡ ಸತ್ತಾಗ ಹೊಲ ಯಾರಿಗೆ ಅಂತ ಅವಳ ಎದುರೇ ತೀರ್ಮಾನ ಆಯಿತು, ಅವಳನ್ನು ಕೇಳಲಿಲ್ಲ. ಆ ದಿನ ಅವಳು ಹೊಳೆ ದಂಡೆಯಲ್ಲಿ ಕೂತು ಅತ್ತಳಂತೆ.

ನೀವು ಹೋದ ಮೇಲೂ ಅವಳು ಆ ಸುತ್ತನ್ನು ಬಿಡಲಿಲ್ಲ. ಕೂಲಿಯವರನ್ನು, ಹರಿಗೋಲಿನವರನ್ನು ಕೂರಿಸಿದಳು. ನಿಮ್ಮ ಸುತ್ತಿನ ಹುಳುಕು ಅವಳಿಗೆ ಗೊತ್ತಿತ್ತು: ಒಬ್ಬರು ಬೇಡ ಅಂದರೆ ಮಿಕ್ಕವರು ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದಿರಿ. ಹಸಿದವರಿಗೆ ಒಪ್ಪಲಿಕ್ಕೆ ಆಗುವುದಿಲ್ಲ ಅನ್ನುವುದು ಚಾ ಮಾರಿದವಳಿಗೆ ತಿಳಿಯದೆ ಇರುತ್ತದೆಯೇ. ಅವಳು ಒಂದು ನೇಮ ಸೇರಿಸಿದಳು. ಸುತ್ತಿನಲ್ಲಿ ಯಾರಾದರೂ 'ಒಲ್ಲೆ' ಅಂದರೆ, ಮಿಕ್ಕವರೆಲ್ಲ ಅವರ ಮನೆಗೇ ಊಟ ಹೊತ್ತುಕೊಂಡು ಹೋಗಬೇಕು. ಜೊತೆಗೆ ಕೂತು ಉಣ್ಣಬೇಕು. ಉಣ್ಣುವಾಗ ಆ ವಿಷಯ ಎತ್ತಬಾರದು. ಒಲ್ಲೆ ಅಂದವರು ಬದಲಾಗುವ ತನಕ, ಇಲ್ಲವೇ ನಾವು ಬದಲಾಗುವ ತನಕ, ದಿನಾ ಹೋಗಬೇಕು. ಇದಕ್ಕೆ ಒಲ್ಲೆಯೂಟ ಅನ್ನುತ್ತೇವೆ. ನಿಮ್ಮ ಮಾತಿಗೆ ಅವಳು ಒಲೆ ಹೂಡಿದ್ದರಿಂದ ಅದು ಉಳಿಯಿತು ಅನ್ನುವುದು ನನ್ನ ಎಣಿಕೆ. ಸುತ್ತಮುತ್ತಲ ಕೇರಿಗಳಲ್ಲಿ ಹೊಡೆದಾಟವಾಗಿ ಮನೆಗಳು ಖಾಲಿಯಾದವು, ನಮ್ಮಲ್ಲಿ ಆಗಲಿಲ್ಲ.

ಈಗ ಈ ಬೇಸಿಗೆಯ ಕಥೆ. ಮೇಲ್ತೂಬಿನವರು ನಮ್ಮ ಪಾಳಿ ನಿಲ್ಲಿಸಿದರು. ತಮಗೇ ಸಾಲದು ಅಂದರು. ಹೋದ ತಿಂಗಳು ಕೇಳಿಕೊಳ್ಳಲಿಕ್ಕೆ ಪಕ್ಕದ ಕೇರಿಯಿಂದ ಅಣ್ಣ ತಮ್ಮ ಇಬ್ಬರು ಹೋದರು. ತೂಬಿನ ದಾರಿಯಲ್ಲಿ ಸುಣ್ಣ ಬಳಿದ ಕಲ್ಲುಗಳಿವೆ, ಅದನ್ನು ದಾಟಿದವರ ಮೇಲೆ ಸಿಡಿಗೋಲು ಹಾರಿಸುತ್ತಾರೆ. ತಮ್ಮ ಅಲ್ಲೇ ಬಿದ್ದ. ಅಣ್ಣ ಹೆಣವನ್ನೂ ತರಲಾಗದೆ ತಿರುಗಿ ಬಂದ. ಆಮೇಲೆ ಕೆಳಗಿನ ಕೇರಿಗಳೆಲ್ಲ ಒಂದಾಗಿ, ಪ್ರತಿ ಕೇರಿಯೂ ಹರೆಯದವರನ್ನು ಸಿಡಿಗೋಲು ಕೊಟ್ಟು ಕಳಿಸಬೇಕು, ತೂಬು ಕಿತ್ತುಕೊಳ್ಳಬೇಕು ಅಂತ ಹೇಳಿ ಕಳಿಸಿದವು. ನಮ್ಮ ಸುತ್ತು ಕೂತಿತು. ಒಬ್ಬೊಬ್ಬರೇ ಹೂಂ ಅಂದರು. ಗಾದಿಲಿಂಗ ಎಲ್ಲರಿಗಿಂತ ಗಟ್ಟಿಯಾಗಿ ಅಂದ, ಅವತ್ತು ಬೆಳಿಗ್ಗೆಯೇ ಅವನ ಕುರಿಗಳು ನೀರಿಲ್ಲದೆ ಕಾಲು ಚಾಚಿದ್ದವು. ನನ್ನ ಸರದಿ ಬಂದಾಗ ನಾನು ಒಲ್ಲೆ ಅಂದೆ. ದೊಡ್ಡ ಧರ್ಮದ ಮಾತೇನೂ ನನ್ನ ತಲೆಯಲ್ಲಿ ಇರಲಿಲ್ಲ. ಹರೆಯದವರು ಅಂದರೆ ಲಿಂಡವ್ವ. ಅವಳನ್ನು ಕಳಿಸಲಿಕ್ಕೆ ನನಗೆ ಆಗುತ್ತಿರಲಿಲ್ಲ, ಅಷ್ಟೇ.

ಅವತ್ತಿನಿಂದ ಇಡೀ ಕೇರಿ ನಮ್ಮ ಬಂಡೆಗೆ ಊಟಕ್ಕೆ ಬಂತು. ಅಯ್ಯೋ ಶಿವನೇ, ಆ ಊಟಗಳನ್ನು ಏನು ಹೇಳಲಿ! ಕುಡಿಯುವ ನೀರು ಗಡಿಗೆಯ ತಳ ಮುಟ್ಟಿದೆ, ಹಾಗಿದ್ದೂ ಅಂಬಲಿ ಕಾಸಿ ತರುತ್ತಾರೆ, ಎದುರು ಕೂರುತ್ತಾರೆ, ಉಣ್ಣುತ್ತಾರೆ, ನನ್ನ ಮುಖ ನೋಡುವುದಿಲ್ಲ. ಗಾದಿಲಿಂಗ ಗಡಿಗೆಯನ್ನು ಎಷ್ಟು ಜೋರಾಗಿ ಕುಕ್ಕಿದನೆಂದರೆ ಅರ್ಧ ಚೆಲ್ಲಿತು. ಅವನ ಹೆಂಡತಿ ಚೆಲ್ಲಿದ್ದನ್ನು ಬೆರಳಿನಿಂದ ಬಳಿದು ಕೂಸಿನ ಬಾಯಿಗೆ ಇಟ್ಟಳು. ಕೂಸಿನ ತುಟಿ ಒಡೆದಿತ್ತು. ನನ್ನ ಒಂದು ಮಾತಿನಿಂದ ಇದೆಲ್ಲ ಅಂತ ಯಾರೂ ಹೇಳಲಿಲ್ಲ, ಹೇಳುವ ಹಾಗಿಲ್ಲವಲ್ಲ. ಹೇಳಿದ್ದರೇ ಚೆನ್ನಾಗಿರುತ್ತಿತ್ತು, ನಾನೂ ಎರಡು ಮಾತು ಬಿಡುತ್ತಿದ್ದೆ.

ನಿನ್ನೆ ಅಂಥದೇ ಊಟದ ನಡುವೆ ಲಿಂಡವ್ವ ಬಟ್ಟಲು ಕೆಳಗಿಟ್ಟಳು. ಉಣ್ಣುವಾಗ ಮಾತೆತ್ತಬಾರದು ಅಂತ ನಾನು ಗದರಿಸುವಷ್ಟರಲ್ಲಿ, ಅವಳು ಎಲ್ಲರನ್ನೂ ನೋಡಿ, ಒಲ್ಲೆ ಅಂದೋರು ನಮ್ಮವ್ವ ಒಬ್ಬಾಕಿನೇ ಏನು, ಮೇಲ್ತೂಬಿನೋರೂ ನೀರು ಕೊಡಾಕ ಒಲ್ಲೆ ಅಂದಾರಲ್ಲ, ಅವರ ಮನಿಗೆ ಊಟ ಯಾಕ ಹೋಗಿಲ್ಲ ಅಂದಳು. ಗಾದಿಲಿಂಗ ಮೊದಲು ನಕ್ಕ. ಹುಚ್ಚು ಹಿಡದೈತೇನಬೇ ನಿನಗ, ಅವರು ಸುತ್ತಿನ್ಯಾಗ ಕುಂತೋರೇನು, ಕಲ್ಲು ದಾಟಿದ್ರ ಸುಟ್ಟು ಕೆಡವತಾರ ಅಂದ. ಅವಳು, ಕಲ್ಲು ದಾಟೂದು ಬ್ಯಾಡ, ಕಲ್ಲಿನ ಮ್ಯಾಲ ಗಡಿಗಿ ಇಟ್ಟು ಅಲ್ಲೇ ಉಣ್ಣಾಕ ಕೂಡೋಣು, ಬಂದ್ರ ಬರಲಿ, ಬರದಿದ್ರ ನಾಳೆ ಮತ್ತ ಹೋಗೋಣು ಅಂದಳು. ಗಾದಿಲಿಂಗನ ನಗು ನಿಂತಿತು. ಅವನು ತನ್ನ ಕೂಸನ್ನು ನೋಡಿದ, ಆಮೇಲೆ ನಾ ಬರತೀನಿ ಅಂದ.

ಊಟ ಮುಗಿದ ಮೇಲೆ ಲಿಂಡವ್ವನ ಈ ಮಾತಿಗೇ ಸುತ್ತು ಕೂತಿತು. ಮತ್ತೆ ಒಬ್ಬೊಬ್ಬರೇ ಹೂಂ ಅಂದರು, ಮತ್ತೆ ನನ್ನ ಸರದಿ ಬಂತು. ಒಲ್ಲೆ ಅನ್ನುವುದು ನನ್ನ ನಾಲಿಗೆಯ ಮೇಲೇ ಇತ್ತು. ಮಗಳನ್ನು ಉಳಿಸಿಕೊಳ್ಳಲಿಕ್ಕೆ ಒಮ್ಮೆ ಅಂದ ಮಾತು ಇನ್ನೊಮ್ಮೆ ಅನ್ನಲಿಕ್ಕೆ ಕಷ್ಟವೇ? ಅಂದಿದ್ದರೆ ಎಲ್ಲರೂ ನಾಳೆಯೂ ನನ್ನ ಮನೆಗೇ ಅಂಬಲಿ ತರುತ್ತಿದ್ದರು, ಗಡಿಗೆಯಲ್ಲಿ ನೀರಿರುವ ತನಕ. ಲಿಂಡವ್ವ ನನ್ನನ್ನು ಬೇಡಿಕೊಳ್ಳಲಿಲ್ಲ, ಕಣ್ಣಲ್ಲೂ ಕೇಳಲಿಲ್ಲ. ಅವ್ವ ಏನಂದರೂ ಅದು ಅವಳ ಮಾತು ಅನ್ನುವ ಹಾಗೆ ಸುಮ್ಮನೆ ಕೂತಿದ್ದಳು. ನನಗೆ ಸಿಟ್ಟು ಬಂತು. ಇಂಥ ಮಗಳನ್ನು ಬೆಳೆಸಿದ್ದಕ್ಕೆ ನನ್ನ ಮೇಲೆ, ಯಂಕವ್ವನ ಮೇಲೆ, ನಿಮ್ಮ ಮೇಲೆ. ನಾನು ಹೂಂ ಅಂದೆ. ಅಂದಮೇಲೆ ಎದ್ದು ಹೋಗಿ ನಾಳೆಯ ಅಂಬಲಿಗೆ ಸಜ್ಜೆ ಬೀಸಿದೆ.

ಇದ್ದ ನೀರಿನಲ್ಲಿ ನಸುಕಿಗೆ ಅಂಬಲಿ ಕಾಸಿದೆವು. ಗಾದಿಲಿಂಗ ಎರಡು ಗಡಿಗೆ ಹೊತ್ತ, ಲಿಂಡವ್ವ ಒಂದು. ದಾರಿಗೆ ಬೇಕಾದ ನೀರು ಇಬ್ಬರಿಗಷ್ಟೇ ಇತ್ತು, ಮಿಕ್ಕವರು ಉಳಿದೆವು. ಉಪ್ಪು ಜಾಸ್ತಿ ಆಗಿದೆ ಅಂತ ನಾನು ಹೇಳಿದೆ. ಅವರಿಗೇನು ಗೊತ್ತಾಗತೈತಿ ಬಿಡವ್ವ ಅಂತ ಅವಳು ನಕ್ಕು ಹೋದಳು. ಮುಚ್ಚುಹೊತ್ತನ್ನು ಎಲ್ಲೋ ನೆರಳಿನಲ್ಲಿ ಕಳೆದು, ಈಗ ಅವರಿಬ್ಬರೂ ಸುಣ್ಣದ ಕಲ್ಲಿನ ಹತ್ತಿರ ತಲುಪಿರಬೇಕು. ನಾನು ಒಣಗಿದ ಕಾಲುವೆಯ ಬಾಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗಾಳಿ ಮೇಲಿನ ಕಡೆಯಿಂದ ಬೀಸುತ್ತಿದೆ, ಸಿಡಿಗೋಲು ಹಾರಿದರೆ ಇಲ್ಲಿಗೆ ಕೇಳಿಸುತ್ತದೆ. ಇಲ್ಲಿಯ ತನಕ ಕೇಳಿಸಿಲ್ಲ. ಕೇಳಿಸದೆ ಇರುವುದು ಒಳ್ಳೆಯದೋ ಅಂತ ನನ್ನನ್ನು ಕೇಳಬೇಡಿ.

ನಿಮ್ಮಿಂದ ಲೋಕದಲ್ಲಿ ಏನಾದರೂ ಬದಲಾಯಿತೇ ಅಂತ ನಿಮ್ಮ ಕಾಲದ ಪಂಡಿತರು ಚರ್ಚೆ ಮಾಡುತ್ತಿದ್ದರಂತೆ. ನನಗೆ ಗೊತ್ತಿಲ್ಲ. ಇವತ್ತು ಸಂಜೆ ಗೊತ್ತಾಗಬಹುದು. ನನ್ನದೊಂದೇ ಪ್ರಶ್ನೆ, ಮುಖಕ್ಕೆ ಮುಖ ಕೊಟ್ಟು ಕೇಳುತ್ತೇನೆ: ಹಗೆಯವನ ಎದುರು ಬರಿಗೈಯಲ್ಲಿ ಕೂರಬಹುದು ಅಂದಿರಲ್ಲ, ಅದನ್ನು ನಂಬಿ ಅಂದಿರೋ, ಇಲ್ಲಾ ಹೊಳೆಯ ಗಾಳಿ ಹಿತವಾಗಿತ್ತು, ವಯಸ್ಸಿತ್ತು, ಹೊಟ್ಟೆ ತುಂಬಿತ್ತು, ಹಾಗಂತ ಅಂದಿರೋ? ನಿಮ್ಮ ಉತ್ತರ ನನಗೆ ತಲುಪುವುದಿಲ್ಲ ಅಂತ ಗೊತ್ತು.

ಹಾಗಾಗಿ ಒಂದು ಬೇಡಿಕೆ ಮಾತ್ರ. ಊರಿಗೆ ಹೋಗಿ, ತಡೆಯುವುದಿಲ್ಲ. ಕೂದಲು ಕತ್ತರಿಸಿಕೊಳ್ಳಿ, ಬ್ಯಾಂಕಿನಲ್ಲಿ ಕೂರಿ, ಮಕ್ಕಳು ಮೊಮ್ಮಕ್ಕಳನ್ನು ಕಾಣಿ. ಆದರೆ ಮುಂದೆ ಯಾರಾದರೂ ಕೇಳಿದಾಗ, ಅದೆಲ್ಲ ಹರೆಯದ ಹುಡುಗಾಟ ಅಂತ ನಕ್ಕು ತಳ್ಳಿಹಾಕಬೇಡಿ. ಕೈ ಮುಗಿದು ಕೇಳುತ್ತೇನೆ, ಹಾಗನ್ನಬೇಡಿ. ನನ್ನ ಮಗಳು ಇನ್ನೂ ದಾರಿಯಲ್ಲಿದ್ದಾಳೆ.