ಬಾಗಿಲಲ್ಲಿದ್ದ ಅವ್ವನ ದನಿ

ಕೃಷ್ಣೆಯ ಎಡದಂಡೆ, 30 ಫೆಬ್ರವರಿ 2191

ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಿರುವ ನಿಮಗೆ,

ತಾರೀಕು ತಪ್ಪಲ್ಲ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಇನ್ನೂ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ.

ನನ್ನ ಹೆಸರು ಮಾನಮ್ಮ. ಅವ್ವ ಹುಲಿಗೆಮ್ಮ ನಮ್ಮೂರಿನ ಬಣ್ಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಅದರ ಒಡೆಯರು ಸಮುದ್ರದಾಚೆಯ ಕಂಪನಿಯವರು. ಅವರ ಮುಖವನ್ನು ಯಾರೂ ಕಂಡಿರಲಿಲ್ಲ. ಗೇಟಿನಲ್ಲಿ ಕಾವಲುಗಾರನ ಬದಲು ದನಿಗಾವಲು ಇತ್ತು. ಅಂದರೆ, ಊರು ನಂಬುವ ಒಬ್ಬರ ದನಿಯನ್ನು ಹಿಡಿದಿಟ್ಟುಕೊಂಡು ಬಾಗಿಲೇ ಮಾತನಾಡುತ್ತಿತ್ತು. ಕಂಪನಿ ಆರಿಸಿದ್ದು ಅವ್ವನ ದನಿಯನ್ನು. ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದ ಅವಳ ದನಿ ಸುತ್ತಲಿನ ಊರಿಗೆಲ್ಲ ಗುರುತಿತ್ತು.

ಒಂದು ಸಂಜೆ, ಅವ್ವ ಮತ್ತು ಇತರರು ಒಳಗಿದ್ದಾಗಲೇ, ಕೆಳಗಿನ ಶೆಡ್ಡಿನಲ್ಲಿ ವಿಷಗಾಳಿ ಸೋರಿತು. ತೆರೆದರೆ ಕೆಲಸ ನಿಲ್ಲುತ್ತದೆಂದು ಕಂಪನಿ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ನಾವೆಲ್ಲ ಗೇಟಿಗೆ ಓಡಿದೆವು. ಅವ್ವನ ದನಿ ತಣ್ಣಗೆ ಹೇಳಿತು: “ಯಾರಿಗೂ ಏನೂ ಆಗಿಲ್ಲರೀ. ಮನಿಗಿ ಹೋಗ್ರಿ.”

ಅಪ್ಪ ಆ ದನಿಯನ್ನು ನಂಬಿ ನನ್ನನ್ನು ಮನೆಗೆ ಕರೆತಂದ. ಅವಳ ಪಾಲಿನ ರೊಟ್ಟಿ ತೆಗೆದಿಟ್ಟ.

ಅವ್ವ ಬರಲಿಲ್ಲ. ಮರುದಿನವೂ ಅದೇ ದನಿ, ಅದೇ ಮಾತು. ಗಂಡನಿಗಾಗಿ ಕಾಯುತ್ತಿದ್ದ ಪಕ್ಕದ ಮನೆಯ ಖಾಜಾಬಿ ನನ್ನ ಕೈ ಹಿಡಿದಳು. “ನಿನ್ನ ಹೆಸರ ಏನಂತ ಕೇಳವ್ವ ಆಕೀನ.”

ನಾನು ಗೇಟಿಗೆ ಬಾಯಿ ಹಚ್ಚಿದೆ. “ಅವ್ವಾ, ನಾ ಯಾರು?”

“ಯಾರಿಗೂ ಏನೂ ಆಗಿಲ್ಲರೀ,” ಎಂದಳು ಅವ್ವ.

ಕಂಪನಿ ಆ ಶೆಡ್ಡಿನ ಬಾಗಿಲಿಗೆ ಗೋಡೆ ಕಟ್ಟಿಸಿತು. ಒಳಗಿದ್ದವರನ್ನು ಬೇರೆ ದೇಶದ ಕಾರ್ಖಾನೆಗೆ ಕಳಿಸಿದ್ದೇವೆ ಎಂದಿತು. ನಾವು ಎದುರುಕಟ್ಟೆಗೆ ಹೋದೆವು. ನೊಂದವರೂ ನೋಯಿಸಿದವರೂ ಎದುರುಬದುರು ನಿಲ್ಲಬೇಕಾದ ನ್ಯಾಯಾಲಯ ಅದು. ಕಾರ್ಖಾನೆ ಬೇರೆ ಯಾರದೋ ಹೆಸರಿನಲ್ಲಿದೆ, ಈ ನೆಲದಲ್ಲಿ ನಮ್ಮ ಕಂಪನಿ ಇಲ್ಲವೇ ಇಲ್ಲ ಎಂದು ಕಂಪನಿಯ ವಕೀಲ ವರ್ಷಗಟ್ಟಲೆ ವಾದಿಸಿದ. ಕೊನೆಗೆ ಖಾಜಾಬಿ, ಗೇಟಿನ ದನಿಯನ್ನು ಇಲ್ಲಿಗೇ ತಂದು ಕೇಳಿಸಿರೆಂದು ಬೇಡಿದಳು. ವಕೀಲ ಥಟ್ಟನೆ ಎದ್ದ.

“ಆಗದು. ಆ ದನಿ ನಮ್ಮ ಕಂಪನಿಯ ಸ್ವತ್ತು.”

ನ್ಯಾಯಾಧೀಶೆ ತಲೆಯೆತ್ತಿದರು. “ದನಿ ನಿಮ್ಮದಾದರೆ ಅದು ಆಡಿದ ಸುಳ್ಳೂ ನಿಮ್ಮದೇ. ನೀವು ಇಲ್ಲಿದ್ದೀರಿ.”

ಒಡೆಯರನ್ನು ಹಿಡಿದು ತರಿಸಿದರು. ಅವರ ಕಣ್ಣೆದುರೇ ಶೆಡ್ಡಿನ ಗೋಡೆ ಒಡೆಸಿದರು. ಒಳಗಿದ್ದವರೆಲ್ಲ ಬಾಗಿಲಿಗೇ ಒರಗಿದ್ದರು. ಬಳೆಗಳಿಂದ ಅವ್ವನನ್ನು ಗುರುತಿಸಿದೆ. ಒಡೆಯರು ಜೈಲಿಗೆ ಹೋದರು. ಅವರ ಮುಖ ನಮ್ಮವರ ಮುಖದಂತೆಯೇ ಇತ್ತು, ಅದೇ ನನಗೆ ಹೆಚ್ಚು ಭಯ ತಂದದ್ದು. ದನಿಗಾವಲನ್ನು ಬಂದ್ ಮಾಡುವ ದಿನ ಅಪ್ಪ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಸಾಕ್ ಬಿಡು,” ಎಂದ. “ಭಾಳ ದಣ್ದಿ.”

ಇದನ್ನೀಗ ಬರೆಯುವುದಕ್ಕೆ ಕಾರಣವಿದೆ. ಹೊಳೆಯಾಚೆ ಹೊಸ ಹೆಸರಿನ ಕಂಪನಿಯೊಂದು ಮೊನ್ನೆ ಗೇಟು ನಿಲ್ಲಿಸಿದೆ. ಅಲ್ಲಿ ಮಾತನಾಡುವುದು ಇಲ್ಲಿ ಬದುಕಿರುವ ಯಾರ ದನಿಯೂ ಅಲ್ಲ. ಉಚ್ಚಾರ ನಿಮ್ಮ ಕಾಲದ್ದು, ಆಗಲೇ ಯಾರೋ ಹಿಡಿದಿಟ್ಟದ್ದಿರಬೇಕು. ನಂಬಬೇಕೆನಿಸುವ ಹೆಣ್ಣುದನಿ, ನಡುನಡುವೆ ಸಣ್ಣಗೆ ಕೆಮ್ಮುತ್ತದೆ. ಅದು ನಿಮ್ಮದಾಗಿದ್ದರೆ, ತಾಯೀ, ನೀವು ಬದುಕಿರುವಾಗಲೇ ಅದನ್ನು ವಾಪಸು ಕೇಳಿ.

ಮಾನಮ್ಮ