ಕೈ ತೊಳೆದು ಹಚ್ಚಿದ ದೀಪ

ಮಾನ್ಯ ವಿದ್ಯುತ್ ಇನ್ಸ್‌ಪೆಕ್ಟರ್ ಸಾಹೇಬರೇ,

ತಾವು ಪರೀಕ್ಷೆ ಮಾಡಿ ಪಾಸು ಮಾಡಿದ ಸ್ವಿಚ್ಚು ನನ್ನ ತಾಯಿಯನ್ನು ಒದ್ದು ಕೆಡವಿದೆ. ಅವರು ಬದುಕಿದ್ದಾರೆ. ಇದರಿಂದ ತಮಗೇನಾದರೂ ನಿರಾಸೆಯಾಗಿದ್ದರೆ ಕ್ಷಮಿಸಬೇಕು.

ಸಂತೆಗೆ ಹೋಗುವ ಹಣ್ಣನ್ನು ಸಂಜೆ ಕೂತು ಆರಿಸಲೆಂದು ನಮ್ಮ ದಾಳಿಂಬೆ ತೋಟದ ತಗಡಿನ ಷೆಡ್ಡಿಗೆ ಮನೆಯಿಂದ ಕರೆಂಟು ಎಳೆಸಿದೆವು. ಎಳೆದವರು ತಮ್ಮ ಇಲಾಖೆಯವರೇ. ಕಂಬ ನೆಡಬೇಕಾದ ಕಡೆ ನುಗ್ಗೆಮರಕ್ಕೆ ತಂತಿ ಕಟ್ಟಿದರು. ಸೋರಿದ ಕರೆಂಟು ಮನುಷ್ಯರ ಮೈ ಬಿಟ್ಟು ಮಣ್ಣಿಗೆ ಹೋಗಲಿ ಎಂದು ಕಬ್ಬಿಣದ ಸ್ವಿಚ್ಚುಪೆಟ್ಟಿಗೆಯಿಂದ ನೆಲಕ್ಕೆ ಒಂದು ತಂತಿ ಇಳಿಸುತ್ತಾರಲ್ಲ, ಅದನ್ನು ಇಳಿಸಲೇ ಇಲ್ಲ. ತಾವಾದರೂ ನೋಡಬಹುದಿತ್ತು. ಆದರೆ ಷೆಡ್ಡಿನ ದಾರಿಯಲ್ಲಿ ಬಿಸಿಲಿತ್ತು, ನಮ್ಮ ಜಗುಲಿಯಲ್ಲಿ ಕಾಫಿಯಿತ್ತು. ಕೂತಲ್ಲಿಂದಲೇ ಕಣ್ಣು ಕಿರಿದು ಮಾಡಿ "ಎಲ್ಲಾ ಸರಿಯಾಗಿದೆ" ಎಂದಿರಿ. ಇಲ್ಲದ ತಂತಿಯನ್ನು ಅಷ್ಟು ದೂರದಿಂದ ಕಾಣುವ ದೃಷ್ಟಿ ಎಷ್ಟು ಜನಕ್ಕಿದೆ?

ನನ್ನ ತಾಯಿ ಕರಿಬಸಮ್ಮನವರು ಕೈಕಾಲು ತೊಳೆಯದೆ ಮುಸ್ಸಂಜೆ ದೀಪ ಹಚ್ಚಿದವರಲ್ಲ. ಎಣ್ಣೆದೀಪಕ್ಕೆ ಮಾಡುತ್ತಿದ್ದುದನ್ನೇ ತಮ್ಮ ಕರೆಂಟು ದೀಪಕ್ಕೂ ಮಾಡಿದರು. ತೊಟ್ಟಿಯಲ್ಲಿ ಕೈಕಾಲು ತೊಳೆದು, ವಿಭೂತಿ ಇಟ್ಟು, ಬರಿಗಾಲಲ್ಲಿ ಷೆಡ್ಡಿಗೆ ಹೋಗಿ ಸ್ವಿಚ್ಚು ಮುಟ್ಟಿದರು. ಈಗ ಅವರ ಬಲಗೈ ಬೆರಳು ಮಡಚುವುದಿಲ್ಲ. ತುತ್ತು ನಾನು ಕಲಸಿಕೊಡುತ್ತೇನೆ.

ದೂರು ಹೇಳಲು ಬಂದರೆ, "ಒದ್ದೆ ಕೈಯಲ್ಲಿ ಮುಟ್ಟಿದ್ದು ನಿಮ್ಮ ತಾಯಿ ತಪ್ಪು ಕಣಯ್ಯ. ನೀನು ಎಲ್ಲೀತನಕ ಓದಿದ್ದೀಯ?" ಎಂದಿರಿ. ಎಸ್ಸೆಸ್ಸೆಲ್ಸಿ ತನಕ, ಸ್ವಾಮಿ. ನೆಲಕ್ಕೆ ತಂತಿ ಬೇಕೆಂದು ತಿಳಿಯಲು ಅಷ್ಟು ಸಾಕಾಯಿತು. ಬೇಡವೆಂದು ತಿಳಿಯಲು ಇನ್ನೆಷ್ಟು ಓದಬೇಕೋ!

ತಮ್ಮ ತೀರ್ಪನ್ನು ತಾಯಿಗೆ ತಿಳಿಸಿದೆ.

"ಕೈ ತೊಳ್ಕಂಡು ಮುಟ್ಟಬಾರ್ದು ಅಂದ್ರೆ ಅದು ದೀಪ ಹೆಂಗ್ಲಾ ಆಯ್ತದೆ? ಆವಯ್ಯನ ಮನ್ಯಾಗೆ ಸಗಣಿ ಕೈಯಾಗೇ ಹಚ್ತಾರಾ?" ಎಂದರು.

"ಬುಡವ್ವ, ಇನ್ಮ್ಯಾಲೆ ನಾನೇ ಹಚ್ತೀನಿ," ಎಂದೆ.

"ನಿನ್ನೇನು ಮರದಾಗೆ ಕೆತ್ತವ್ರೇನ್ಲಾ, ನಿಂಗೆ ಹೊಡೀದೆ ಇರಾಕೆ?" ಎನ್ನುತ್ತಾ ತಾವೇ ಮತ್ತೆ ತೊಟ್ಟಿಯ ಕಡೆ ಹೊರಟರು. ಅವತ್ತಿನಿಂದ ಮನೆಯ ಫ್ಯೂಸನ್ನೇ ಕಿತ್ತು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಷೆಡ್ಡಿನ ಜೊತೆಗೆ ಮನೆಯೂ ಕತ್ತಲು.

ಆದಕಾರಣ ನೆಲಕ್ಕೆ ತಂತಿ ಇಳಿಸಿರಿ, ನುಗ್ಗೆಮರಕ್ಕೆ ಸರ್ಕಾರಿ ನೌಕರಿಯಿಂದ ಬಿಡುಗಡೆ ಕೊಟ್ಟು ಕಂಬ ನೆಡಿಸಿರಿ. ಅದಾಗದಿದ್ದರೆ ಒಂದು ಮುಸ್ಸಂಜೆ ತಾವೇ ದಯಮಾಡಿಸಿ. ಈ ಸಲ ಕಾಫಿ ಷೆಡ್ಡಿನಲ್ಲೇ ಇರುತ್ತದೆ. ತೊಟ್ಟಿಯಲ್ಲಿ ನೀರಿರುತ್ತದೆ. ಫ್ಯೂಸು ಹಾಕಿರುತ್ತೇನೆ. ಬೂಟ್ಸು ಬಿಟ್ಟು, ಕೈಕಾಲು ತೊಳೆದು, ನನ್ನ ತಾಯಿಯ ಎದುರಿಗೆ ದೀಪ ಹಚ್ಚಿ ತೋರಿಸಿ.

ಇಂತಿ,
ಕತ್ತಲಲ್ಲಿ ತಮ್ಮ ದಾರಿ ಕಾಯುತ್ತಾ, ಜೇಬಿನ ಫ್ಯೂಸು ಮುಟ್ಟಿ ನೋಡಿಕೊಳ್ಳುವ
ಮರುಳಸಿದ್ದಯ್ಯ
ಮಧುಗಿರಿ ತಾಲ್ಲೂಕು, ೧೯೪೧